ಸರಾಸರಿಯ ಸಂಕಟ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ಪ್ರತಿ ವರ್ಷ ಗೌರಿ ಹಬ್ಬದ ಮುಂಚೆ ಧೂಳು ಹೊಡೆಯುವಾಗ ನಮ್ಮ ಮನೆಯಾಕೆ ಅದನ್ನು ಕೆಳಗಿಳಿಸಿ, "ಈ ವರ್ಷವಾದರೂ ಇದನ್ನು ರದ್ದಿಯವನಿಗೆ ಕೊಡೋಣವೇ?" ಎಂದು ಕೇಳುತ್ತಾಳೆ. "ಮುಂದಿನ ವರ್ಷ ನೋಡೋಣ" ಎನ್ನುತ್ತೇವೆ. ಪೆಟ್ಟಿಗೆ ಮತ್ತೆ ಅಟ್ಟ ಹತ್ತುತ್ತದೆ. ಅದರೊಳಗೆ ಬೆಳ್ಳಿ ಬಂಗಾರವೇನೂ ಇಲ್ಲ. ಹನ್ನೊಂದು ವರ್ಷ ನಮ್ಮ ಕೈಯಾರೆ ಬರೆದ ಕ್ರಿಕೆಟ್ ಸ್ಕೋರು ಪುಸ್ತಕಗಳಿವೆ, ಅಷ್ಟೆ.

ಆಡಲು ಬಾರದವನು ಅಂಪೈರಾಗುತ್ತಾನೆ, ಅಂಪೈರಾಗಲು ಧೈರ್ಯ ಸಾಲದವನು ಸ್ಕೋರರ್ ಆಗುತ್ತಾನೆ ಎಂದು ನಮ್ಮ ಭಾವನವರು ಹೇಳುವುದುಂಟು. ನಮ್ಮ ಮಟ್ಟಿಗೆ ಅದು ನಿಜವಾದ ಮಾತು. 1968ರಲ್ಲಿ ಶಿವಮೊಗ್ಗೆಯ ಕಡೆಯಿಂದ ಮುಂಬಯಿಗೆ ಬಂದು ಬ್ಯಾಂಕೊಂದರಲ್ಲಿ ಗುಮಾಸ್ತರಾಗಿ ಸೇರಿದೆವು. ಕರೆಸಿಕೊಂಡವರು, ಮಾಟುಂಗದ ಎರಡು ಕೋಣೆಯ ಮನೆಯಲ್ಲಿ ನಮಗೂ ಒಂದು ಚಾಪೆಯ ಜಾಗ ಬಿಟ್ಟುಕೊಟ್ಟವರು ಅಕ್ಕ ಮತ್ತು ಭಾವ. ಕಚೇರಿಯಲ್ಲಿ ನಮ್ಮ ದುಂಡಗಿನ ಅಕ್ಷರ ಕಂಡ ಮೇಲಧಿಕಾರಿಯೊಬ್ಬರು ಶನಿವಾರ ಮಧ್ಯಾಹ್ನ ಆಜಾದ್ ಮೈದಾನಕ್ಕೆ ಕರೆದೊಯ್ದು, ಡೇರೆಯ ಕೆಳಗೆ ಕೂರಿಸಿ, ಕೈಗೆ ಪೆನ್ಸಿಲು ಕೊಟ್ಟರು. ಆ ಪೆನ್ಸಿಲು ಹನ್ನೊಂದು ವರ್ಷ ಕೈಬಿಡಲಿಲ್ಲ.

ನಾವು ಲೆಕ್ಕದವರು, ಭಾವನವರು ಕಣ್ಣಿನವರು. "ಆಟ ನೋಡೋದು ಕಣ್ಣಿಂದ ಕಣಯ್ಯಾ. ಸಂಗೀತ ಕಚೇರಿಗೆ ಹೋಗಿ ಬಂದವನು ಎಷ್ಟು ನಿಮಿಷ ಹಾಡಿದರು ಅಂತ ಹೇಳಿದ ಹಾಗಿರುತ್ತೆ ನಿನ್ನ ಕ್ರಿಕೆಟ್ಟು" ಎಂದು ಅವರು ನಮ್ಮನ್ನು ಹಾಸ್ಯ ಮಾಡುತ್ತಿದ್ದರು. ಅವರ ಕಣ್ಣಿಗೆ ದೇವರು ಒಬ್ಬನೇ: ಭದ್ರಾವತಿಯಲ್ಲಿ ಹುಟ್ಟಿದ, ಐದಡಿಯ ಮೇಲೆ ಹೆಚ್ಚೇನೂ ಬೆಳೆಯದ ಗುಂಡಪ್ಪ ವಿಶ್ವನಾಥ್. ಎದುರು ಮನೆಯ ಮರಾಠಿ ಕಾಕಾ ಅವರಿಗೆ ದೇವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಅವರದು ಗಾವಸ್ಕರ್ ಪಂಥ. ಭಾವನವರು ವಿಶಿಯ ಸ್ಕ್ವೇರ್ ಕಟ್ಟಿನ ವರ್ಣನೆಗೆ ಇಳಿದರೆ ಕಾಕಾ ಸಾವಧಾನವಾಗಿ ಎಲ್ಲವನ್ನೂ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಸರಾಸರಿ ಕಿತೀ?" ಸರಾಸರಿ ಎಂಬ ಮಾತು ಮರಾಠಿಗೂ ಕನ್ನಡಕ್ಕೂ ಒಂದೇ ಆದ್ದರಿಂದ ಅನುವಾದದ ಅಗತ್ಯವೂ ಇರಲಿಲ್ಲ.

ಇಬ್ಬರೂ ಆಟ ಮುಗಿಸಿದ ಮೇಲಿನ ಲೆಕ್ಕ ಓದುಗರಿಗೆ ಗೊತ್ತೇ ಇದೆ. ಗಾವಸ್ಕರ್ 125 ಟೆಸ್ಟ್, 10,122 ರನ್, 34 ಶತಕ, ಸರಾಸರಿ 51.12. ವಿಶ್ವನಾಥ್ 91 ಟೆಸ್ಟ್, 6,080 ರನ್, 14 ಶತಕ, ಸರಾಸರಿ 41.93. ನಡುವೆ ಒಂಬತ್ತಕ್ಕೂ ಮೇಲ್ಪಟ್ಟ ಅಂತರ. ಬ್ಯಾಂಕಿನಲ್ಲಿ ಒಂಬತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿಯ ಕೊನೆಯ ಲೋಕಲ್ಲಿನವರೆಗೆ ಕೂರಿಸುತ್ತಿದ್ದ ಕಾಲ ಅದು. ಒಂಬತ್ತು ರನ್ನುಗಳನ್ನು ನಾವು ಹೇಗೆ ನುಂಗಿಕೊಳ್ಳಬೇಕು? "ಭಾವ, ಆಟ ಚಂದ ಎನ್ನುವುದು ಬೇರೆ, ದೊಡ್ಡ ಆಟಗಾರ ಎನ್ನುವುದು ಬೇರೆ" ಎಂದುಬಿಡುತ್ತಿದ್ದೆವು. ಕಾಕಾ ನಮ್ಮ ಬೆನ್ನು ತಟ್ಟುತ್ತಿದ್ದರು. ಭಾವನವರು, "ಅನ್ನ ಹಾಕಿದ ಮನೆಗೆ ಎರಡು ಬಗೆಯೋದು ಅಂದರೆ ಇದೇ" ಎಂದು ಎದ್ದು ಹೋಗುತ್ತಿದ್ದರು. ಕಾಕಾ ಅವರಿಗಾಗಲಿ ಭಾವನವರಿಗಾಗಲಿ ಒಂದು ವಿಷಯ ಮಾತ್ರ ಹೊಳೆಯುತ್ತಿರಲಿಲ್ಲ. ವಿಶ್ವನಾಥ್ ಮದುವೆಯಾದದ್ದು ಗಾವಸ್ಕರರ ತಂಗಿಯನ್ನು. ಆ ಭಾವ ಮೈದುನರಿಗೆ ಇಲ್ಲದ ಜಗಳ ಈ ಭಾವ ಮೈದುನರಿಗೆ ಇತ್ತು! ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜಯವಿಶ್ವ ಎಂದು ಹೆಸರಿಟ್ಟರು. ಕನ್ಹಾಯ್, ಜಯಸಿಂಹ, ವಿಶ್ವನಾಥ್ ಮೂವರೂ ಆ ಒಂದು ಹೆಸರಿನಲ್ಲಿದ್ದಾರೆ. ಹತ್ತು ಸಾವಿರ ರನ್ನಿನ ಒಡೆಯ ತನ್ನ ಮತವನ್ನು ಸರಾಸರಿ ನೋಡಿ ಹಾಕಲಿಲ್ಲ.

1975ರ ಜನವರಿ ಬಂತು. ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಾಲ್ಕನೆಯ ಟೆಸ್ಟ್. ಗಾಯದಿಂದಾಗಿ ಗಾವಸ್ಕರ್ ಆಡಲಿಲ್ಲ. ಆಂಡಿ ರಾಬರ್ಟ್ಸ್ 64 ರನ್ ಕೊಟ್ಟು 7 ವಿಕೆಟ್ ಕಿತ್ತ. ನಮ್ಮವರು 76ಕ್ಕೆ 6, ಆಮೇಲೆ 117ಕ್ಕೆ 8. ಒಂದು ತುದಿಯಲ್ಲಿ ವಿಶ್ವನಾಥ್ ಮಾತ್ರ ನಿಂತಿದ್ದರು. ಬೇಡಿ ಬಂದು ಜೊತೆ ಕೊಟ್ಟರು, ಕಡೆಗೆ ಚಂದ್ರಶೇಖರ್ ಬಂದರು. ಚಂದ್ರ ಔಟಾದಾಗ ತಂಡದ ಮೊತ್ತ 190, ವಿಶ್ವನಾಥ್ ಔಟಾಗದೆ 97. ಪ್ರಸನ್ನ ಮೊದಲಾದವರು ಎದುರಾಳಿಗಳನ್ನು ತಿರುಗಿಸಿ ತಿರುಗಿಸಿ ಕೆಡವಿದ ಮೇಲೆ ಭಾರತ 100 ರನ್ನುಗಳಿಂದ ಗೆದ್ದಿತು. ಮಾಟುಂಗದ ನಮ್ಮ ಚಾಳಿನಲ್ಲಿ ಟ್ರಾನ್ಸಿಸ್ಟರಿಗೆ ಕುಂಕುಮ ಇಡುವುದೊಂದು ಬಾಕಿ. ಭಾವನವರು ನಮ್ಮತ್ತ ತಿರುಗಿ, "ನಿನ್ನ ಪುಸ್ತಕದಲ್ಲಿ ಇದನ್ನ ಏನಂತ ಬರೀತೀಯಪ್ಪಾ? ಶತಕದ ಕಾಲಮ್ಮಿನಲ್ಲಿ ಸೊನ್ನೆ ಅಂತ ತಾನೆ?" ಎಂದರು. ನಾವು ಸುಮ್ಮನಿದ್ದೆವು. ಪುಸ್ತಕದ ಪ್ರಕಾರ ಅದು ಸೊನ್ನೆಯೇ. ಮೂರು ರನ್ ಕಡಿಮೆ.

ಇಷ್ಟು ಹೇಳಿದ ಮೇಲೆ, ನಾವು ಹೇಳಲೇಬೇಕಾದ ಮಾತಿಗೆ ಬರುತ್ತೇವೆ. ಅದು ದೊಡ್ಡ ಆಟಗಾರರ ಮಾತಲ್ಲ.

ಮರುವರ್ಷ, 1976ರಲ್ಲಿ, ಧಾರವಾಡದ ಕಡೆಯ ಒಬ್ಬ ಹುಡುಗ ನಮ್ಮ ಕಚೇರಿಗೆ ಬಂದ. ಭಾವನವರ ಗೆಳೆಯರ ಮಗ. ಆಗ ಬ್ಯಾಂಕುಗಳು ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಒಂದು ವರ್ಷ ತಾತ್ಪೂರ್ತಿಕವಾಗಿ ಇಟ್ಟುಕೊಳ್ಳುವುದು, ಆಟ ನೋಡಿ ಖಾಯಂ ಮಾಡುವುದು ಎಂಬ ಪದ್ಧತಿ. ಅವನ ಜೊತೆಗೇ ಇನ್ನೊಬ್ಬ ಹುಡುಗನೂ ಸೇರಿದ್ದ. ಇದ್ದದ್ದು ಒಂದೇ ಜಾಗ. ಧಾರವಾಡದವನು ಭಾವನವರ ಮನೆಯಲ್ಲೇ, ಒಂದು ಕಾಲದಲ್ಲಿ ನಾವು ಮಲಗುತ್ತಿದ್ದ ಅದೇ ಮೂಲೆಯಲ್ಲಿ ಮಲಗುತ್ತಿದ್ದ.

ಮುಂಬಯಿಯವರು ಮಳೆಗಾಲದಲ್ಲೂ ಕ್ರಿಕೆಟ್ ಆಡುತ್ತಾರೆ. 1948ರಿಂದ ನಡೆದು ಬಂದ ಕಾಂಗಾ ಲೀಗ್ ಅದಕ್ಕೇ ಪ್ರಸಿದ್ಧ. ನಮ್ಮ ಅಧಿಕಾರಿಯೊಬ್ಬರು ಆ ಹುಚ್ಚು ಹತ್ತಿಸಿಕೊಂಡು ಕಚೇರಿಯ ತಂಡವನ್ನೂ ಮಳೆಯಲ್ಲಿ ಆಡಿಸುತ್ತಿದ್ದರು. ನೆನೆದ ಪಿಚ್ಚಿನಲ್ಲಿ ಒಂದು ಚೆಂಡು ಮೂಗಿಗೆ ಬರುತ್ತದೆ, ಮುಂದಿನದು ಕಾಲ್ಬೆರಳಿಗೆ. ಎಷ್ಟೇ ಬಲವಾಗಿ ಹೊಡೆದರೂ ಉದ್ದ ಹುಲ್ಲಿನ ನೀರಿನಲ್ಲಿ ಚೆಂಡು ನಿಂತುಬಿಡುತ್ತದೆ. ಅಂಥ ಒಂದು ದಿನ, ಜುಲೈ ತಿಂಗಳು, ಕ್ರಾಸ್ ಮೈದಾನದಲ್ಲಿ ನಮ್ಮ ತಂಡ 71ಕ್ಕೆ ಕುಸಿಯಿತು. ಧಾರವಾಡದ ಹುಡುಗ ಔಟಾಗದೆ 34. ಭಾವನವರು ಕೊಡೆ ಹಿಡಿದು ನಿಂತು ನೋಡಿದ್ದರು. ಅವನು ಹೊಡೆದ ಒಂದು ಲೇಟ್ ಕಟ್ ಆ ನೀರನ್ನು ಸೀಳಿಕೊಂಡು ಗಡಿ ದಾಟಿದ್ದನ್ನು ಎಷ್ಟು ಹೇಳಿದರೂ ಅವರಿಗೆ ತೃಪ್ತಿಯಿಲ್ಲ. "ಇದು ಕಣಯ್ಯಾ ಆಟ" ಎಂದರು. ಇನ್ನೊಬ್ಬ ಹುಡುಗ ಅಂದು ಬಂದಿರಲಿಲ್ಲ. ಮಳೆಗಾಲದಲ್ಲಿ ಅವನಿಗೆ ಆಗಾಗ ಜ್ವರ ಬರುತ್ತಿತ್ತು.

ವರ್ಷದ ಕೊನೆಗೆ ಕಚೇರಿಯ ಕ್ರೀಡಾ ಸಮಿತಿ ನಮ್ಮಿಂದ ಸರಾಸರಿಯ ಪಟ್ಟಿ ಕೇಳಿತು. ನಾವು ಎರಡು ಬಣ್ಣದ ಶಾಯಿಯಲ್ಲಿ ನೀಟಾಗಿ ಬರೆದು ಕೊಟ್ಟೆವು. ಇನ್ನೊಬ್ಬನದು 44. ಚಿಕ್ಕ ಮೈದಾನಗಳಲ್ಲಿ, ಒಣ ಪಿಚ್ಚಿನಲ್ಲಿ, ದುರ್ಬಲ ತಂಡಗಳ ಮೇಲೆ ಅನೇಕ ಸಲ ಔಟಾಗದೆ ಉಳಿದು ಬೆಳೆದ ಸರಾಸರಿ ಅದು. ಧಾರವಾಡದವನದು 23. ಸಮಿತಿಯ ಹಿರಿಯರೊಬ್ಬರು ಪಟ್ಟಿ ನೋಡಿ, ಕನ್ನಡಕ ತೆಗೆದು, "ನೀವು ಎಲ್ಲ ಪಂದ್ಯಗಳನ್ನೂ ನೋಡಿದವರು. ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದರು. ಈ ಪ್ರಶ್ನೆ ನಮಗೆ ಈಗಲೂ ಕಿವಿಯಲ್ಲಿದೆ. ನಾವು ಹೇಳಿದ ಉತ್ತರವೂ ಇದೆ: "ನಮ್ಮ ಅಭಿಪ್ರಾಯ ಯಾಕೆ ಸಾರ್? ಲೆಕ್ಕ ಎದುರಿಗೇ ಇದೆಯಲ್ಲ."

ಅವನು ನಮ್ಮ ಕಡೆಯವನು. ಅವನ ಪರ ಮಾತಾಡಿದರೆ ಜನ ಏನೆಂದುಕೊಂಡಾರು ಎಂಬ ಅಂಜಿಕೆ ಒಂದು ಕಡೆ. ಲೆಕ್ಕದ ಹಿಂದೆ ನಿಂತರೆ ಯಾರೂ ನಮ್ಮನ್ನು ಬೊಟ್ಟು ಮಾಡಲಾರರು ಎಂಬ ಧೈರ್ಯ ಇನ್ನೊಂದು ಕಡೆ. ಹುಡುಗನಿಗೆ ಜಾಗ ಸಿಗಲಿಲ್ಲ. ಹಾಸಿಗೆ ಸುತ್ತಿಕೊಂಡು ರೈಲು ಹತ್ತಿದ. ಊರಿನಲ್ಲಿ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರಾದನೆಂದು ತಿಳಿಯಿತು. ಸಮಿತಿಯಲ್ಲಿ ನಡೆದ ಮಾತು ಭಾವನವರಿಗೆ ಹೇಗೋ ಮುಟ್ಟಿತು. ಒಂದು ವರ್ಷ ಅವರು ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಅಕ್ಕ ಮಾತ್ರ ಕಳ್ಳತನದಿಂದ ಹುಳಿಪುಡಿ ಕಳಿಸುತ್ತಿದ್ದಳು.

ಕಾಲ ಕಳೆಯಿತು. ಲೆಕ್ಕದ ಪಂಥದಲ್ಲೂ ಬಿರುಕು ಕಾಣತೊಡಗಿತು. 1987ರ ಮಾರ್ಚಿಯಲ್ಲಿ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ. ಚೆಂಡು ಹಾವಿನಂತೆ ಹೆಡೆಯೆತ್ತುವ ಪಿಚ್ಚಿನಲ್ಲಿ ಪಾಕಿಸ್ತಾನದ ವಿರುದ್ಧ 96 ಹೊಡೆದರು. ಭಾರತ 16 ರನ್ನುಗಳಿಂದ ಸೋತಿತು. ಅಂದು ಕಾಕಾ ಕಣ್ಣೊರೆಸಿಕೊಂಡು, "ಹತ್ತು ಶತಕಗಳಿಗಿಂತ ಇದು ದೊಡ್ಡದು" ಎಂದರು. ಭಾವನವರು ಬಿಟ್ಟಾರೆಯೇ? "ಸರಾಸರಿ ಕಿತೀ?" ಎಂದರು. ಇಬ್ಬರೂ ನಕ್ಕರು. ಇತ್ತ ಭಾವನವರೂ ಲೆಕ್ಕದ ಮೋಹಕ್ಕೆ ಬಿದ್ದಿದ್ದರು. ವಿಶ್ವನಾಥರ 14 ಶತಕಗಳಲ್ಲಿ 4 ಸಲ ಭಾರತ ಗೆದ್ದಿತು, 10 ಸಲ ಪಂದ್ಯ ಡ್ರಾ ಆಯಿತು, ಒಮ್ಮೆಯೂ ಸೋಲಿಲ್ಲ ಎಂಬುದನ್ನು ಎಲ್ಲಿಯೋ ಓದಿ, ಮಂತ್ರದಂತೆ ಹೇಳತೊಡಗಿದ್ದರು. ಅಂಕಿ ತನ್ನ ಕಡೆ ಇದ್ದರೆ ಅದು ಸತ್ಯ, ಎದುರಾಳಿಯ ಕಡೆ ಇದ್ದರೆ ಅದು ಬರೀ ಅಂಕಿ! ಇದು ಮನುಷ್ಯ ಸ್ವಭಾವ.

2001ರಲ್ಲಿ ವಿಸ್ಡನ್‌ನವರು ಟೆಸ್ಟ್ ಚರಿತ್ರೆಯ ಅತ್ಯುತ್ತಮ ನೂರು ಇನಿಂಗ್ಸುಗಳ ಪಟ್ಟಿ ಪ್ರಕಟಿಸಿದರು. ಅದು ಯಾರೋ ನಾಲ್ಕು ಪಂಡಿತರು ಕೂತು ಆರಿಸಿದ ಪಟ್ಟಿಯಲ್ಲ, ಶುದ್ಧ ಲೆಕ್ಕದ ಪಟ್ಟಿ. ಆದರೆ ಅದರ ಲೆಕ್ಕ ಬೇರೆ ತರಹದ್ದು. ಎಷ್ಟು ರನ್ ಎಂದು ಕೇಳಿ ಸುಮ್ಮನಾಗುವುದಿಲ್ಲ. ಎದುರಿಗೆ ಯಾವ ಬೌಲರುಗಳಿದ್ದರು, ಪಿಚ್ ಹೇಗಿತ್ತು, ಜೊತೆಯವರು ಎಷ್ಟು ಹೊಡೆದರು, ಪಂದ್ಯ ಏನಾಯಿತು ಎಂದೂ ಕೇಳುತ್ತದೆ. ಮೊದಲನೆಯ ಸ್ಥಾನ ಬ್ರಾಡ್‌ಮನ್ನರು ಮೆಲ್ಬರ್ನಿನಲ್ಲಿ ಹೊಡೆದ 270ಕ್ಕೆ. ಲಕ್ಷ್ಮಣರು ಅದೇ ವರ್ಷ ಕೋಲ್ಕತ್ತೆಯಲ್ಲಿ ಹೊಡೆದ 281 ಆರನೆಯದು. 38ನೆಯ ಸ್ಥಾನದಲ್ಲಿ, ಶತಕವೂ ಅಲ್ಲದ, ನಮ್ಮ ಪುಸ್ತಕದಲ್ಲಿ ಸೊನ್ನೆಯೆಂದು ಕಾಣುವ ಚೆಪಾಕಿನ 97!

ಭಾವನವರು ಆ ಪತ್ರಿಕೆಯ ತುಂಡನ್ನು ಹಿಡಿದು ಮೂರು ಮಹಡಿ ಹತ್ತಿ ಬಂದರು. ಆ ನೂರರಲ್ಲಿ ಸಚಿನ್ ತೆಂಡೂಲ್ಕರರ ಒಂದು ಇನಿಂಗ್ಸೂ ಇರಲಿಲ್ಲ. ಮುಂಬಯಿಯೆಲ್ಲ ಕೆಂಡವಾಯಿತು. ಮೂವತ್ತು ವರ್ಷ ನಮ್ಮನ್ನು ಅಂಕಿಗಳಿಂದ ಹೊಡೆದ ಕಾಕಾ, "ಯಂತ್ರಕ್ಕೇನು ಗೊತ್ತು? ಆಟವನ್ನು ಕಣ್ಣಿನಿಂದ ನೋಡಬೇಕು" ಎಂದರು. ಮೂವತ್ತು ವರ್ಷ ಕಣ್ಣನ್ನು ನಂಬಿದ ಭಾವನವರು, "ಲೆಕ್ಕ ಸುಳ್ಳು ಹೇಳೋದಿಲ್ಲ ಕಾಕಾ" ಎಂದರು. ನಾವು ಇಬ್ಬರ ನಡುವೆ ಚಹಾದ ಲೋಟ ಹಿಡಿದು ನಿಂತಿದ್ದೆವು. ನಮ್ಮ ಮನಸ್ಸು ಮಾತ್ರ ಅಟ್ಟದ ಪೆಟ್ಟಿಗೆಯ ಕಡೆ ಹೋಗಿತ್ತು. ಆದರೆ ಅದನ್ನು ಇಳಿಸುವ ಧೈರ್ಯ ಆಗಲಿಲ್ಲ.

ಆ ಧೈರ್ಯ ಬರಲು ಅಮೆರಿಕದ ಒಂದು ಆಟ ಬೇಕಾಯಿತು. ನಮ್ಮ ಕಿರಿಯ ಮಗ ನೌಕರಿಗೆಂದು ಅಲ್ಲಿಗೆ ಹೋದವನು ಬೇಸ್‌ಬಾಲ್ ನೋಡಲು ಕಲಿತ. ನಮ್ಮ ಲೆಕ್ಕದ ಚಟ ಗೊತ್ತಿದ್ದವನಾದ್ದರಿಂದ ಅಲ್ಲಿನ ಒಂದು ದೊಡ್ಡ ಜಗಳದ ಕಥೆಯನ್ನು ಫೋನಿನಲ್ಲಿ ಕಂತು ಕಂತಾಗಿ ಹೇಳಿದ, ಪುಸ್ತಕಗಳನ್ನೂ ಕಳಿಸಿದ. ನಮ್ಮ ಚಾಳಿನ ಜಗಳವನ್ನೇ ಅಲ್ಲಿ ಒಂದು ದೇಶಕ್ಕೆ ದೇಶವೇ ಆಡುತ್ತಿತ್ತು!

ಅಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಮಹಾನ್ ಆಟಗಾರರ ಕೀರ್ತಿಮಂದಿರವಿದೆ. 1936ರಿಂದ ಅದಕ್ಕೆ ಆಟಗಾರರನ್ನು ಚುನಾಯಿಸುತ್ತ ಬಂದವರು ಪತ್ರಿಕೆಗಳ ಕ್ರೀಡಾ ಬರಹಗಾರರು. ಅವರ ಸಂಘದಲ್ಲಿ ಹತ್ತು ವರ್ಷ ಇದ್ದವರಿಗೆ ಮತ. ನೂರಕ್ಕೆ 75 ಮತ ಬಿದ್ದವನಿಗೆ ಮಂದಿರದ ಬಾಗಿಲು. "ನಾವು ಮೈದಾನದಲ್ಲಿ ಕೂತು ನೋಡಿದವರು, ದೊಡ್ಡವನು ಯಾರೆಂದು ನಮಗೆ ಗೊತ್ತು" ಎಂಬುದು ಅವರ ಪಟ್ಟು. ಅವರ ಕೈಯಲ್ಲೂ ಅಂಕಿಗಳಿದ್ದವು, ಆದರೆ ಹಳೆಯವು. ಅವುಗಳನ್ನು ರೂಢಿಗೆ ತಂದವರಲ್ಲಿ ಮುಖ್ಯನಾದ ಹೆನ್ರಿ ಚಾಡ್ವಿಕ್ ಸ್ವತಃ ಪತ್ರಕರ್ತ. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. ಮೊದಲು ಕ್ರಿಕೆಟ್ಟಿನ ವರದಿ ಬರೆಯುತ್ತಿದ್ದವನು ನಮ್ಮ ಸ್ಕೋರು ಪುಸ್ತಕದ ಬುದ್ಧಿಯನ್ನೇ ಬೇಸ್‌ಬಾಲಿಗೆ ಒಯ್ದ. ಕಣ್ಣಿನವರ ಕುಲದಲ್ಲೇ ಲೆಕ್ಕದ ಪಿತಾಮಹ ಹುಟ್ಟಿದ್ದ.

ಆ ಆಟದ ಹಳೆಯ ಸರಾಸರಿಯಲ್ಲಿ ಒಂದು ದೋಷವಿತ್ತು. ಚೆಂಡೆಸೆಯುವವನು ನಾಲ್ಕು ಸಲ ಗುರಿ ತಪ್ಪಿ ಎಸೆದು, ದಾಂಡಿಗ ಆಸೆಗೆ ಬೀಳದೆ ಬಿಟ್ಟರೆ ಅವನು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗಬಹುದು. ತಂಡಕ್ಕೆ ಅದರಿಂದ ಲಾಭವುಂಟು. ಆದರೆ ಬ್ಯಾಟಿಂಗ್ ಸರಾಸರಿಯಲ್ಲಿ ಅದು ಲೆಕ್ಕಕ್ಕಿಲ್ಲ. ಕಾನ್ಸಾಸ್ ರಾಜ್ಯದಲ್ಲಿ ಡಬ್ಬಿಯಲ್ಲಿ ಬೇಯಿಸಿದ ಕಾಳು ತುಂಬುವ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕಾವಲಿಗಿದ್ದ ಬಿಲ್ ಜೇಮ್ಸ್ ಎಂಬಾತ ಇಂಥ ಪ್ರಶ್ನೆಗಳನ್ನು ಹಿಡಿದು ಕೂತ. 1977ರಲ್ಲಿ ತನ್ನ ಮೊದಲ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿದ. ಆತ ಹೆಚ್ಚು ಅಂಕಿ ಬೇಕೆಂದು ಕೇಳಲಿಲ್ಲ. ಸರಿಯಾದ ಪ್ರಶ್ನೆ ಕೇಳಿ ಎಂದ. ಬಹಳ ಕಾಲ ಕ್ರೀಡಾ ಬರಹಗಾರರಲ್ಲಿ ಅನೇಕರು ನಕ್ಕರು. 2002ರಲ್ಲಿ ಬಡ ತಂಡವಾದ ಓಕ್ಲೆಂಡ್ ಈ ಬಗೆಯ ಲೆಕ್ಕದಿಂದ ಆಟಗಾರರನ್ನು ಆರಿಸಿ ಸತತ 20 ಪಂದ್ಯ ಗೆದ್ದಾಗ ನಗು ನಿಂತಿತು.

ಮಗ ಹೇಳಿದ ಕಥೆಗಳಲ್ಲಿ ನಮ್ಮನ್ನು ಕಾಡಿದ್ದು ಇಬ್ಬರು ಎಸೆತಗಾರರದು. ಬರ್ಟ್ ಬ್ಲೈಲೆವನ್ ಎಂಬವನು 22 ಋತು ಆಡಿ 287 ಪಂದ್ಯಗಳ ಗೆಲುವು ತನ್ನ ಹೆಸರಿಗೆ ಬರೆಸಿಕೊಂಡ. 300 ಆಗಿದ್ದರೆ ಬಾಗಿಲು ತಾನಾಗಿ ತೆರೆಯುತ್ತಿತ್ತೇನೋ. ಆದರೆ ಎಸೆತಗಾರನ ಗೆಲುವೆಂದರೆ ಏನು? ಅವನು ಎಷ್ಟೇ ಚೆನ್ನಾಗಿ ಎಸೆದರೂ ಅವನ ಕಡೆಯವರು ಹೊಡೆಯದಿದ್ದರೆ ಗೆಲುವಿಲ್ಲ. ಲೆಕ್ಕದವರು ಇದನ್ನು ವರ್ಷಗಟ್ಟಲೆ ಬಿಡಿಸಿ ಬಿಡಿಸಿ ಹೇಳಿದರು. 13 ವರ್ಷ ಬರಹಗಾರರು ಅವನನ್ನು ದಾಟಿ ಹೋದರು. 14ನೆಯ ವರ್ಷ, 2011ರಲ್ಲಿ, ನೂರಕ್ಕೆ 79.7 ಮತ ಬಿದ್ದು ಅವನು ಒಳಗೆ ಹೋದ. ಇನ್ನೊಬ್ಬ ಜಾಕ್ ಮಾರಿಸ್. ಅವನ ಅಂಕಿಗಳು ಸಾಧಾರಣ. ಆದರೆ 1991ರ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಿ 10 ಇನಿಂಗ್ಸ್ ಒಬ್ಬನೇ ಎಸೆದು, ಎದುರಾಳಿಗೆ ಒಂದು ರನ್ನೂ ಕೊಡದೆ, 1–0 ಗೆಲ್ಲಿಸಿದ. "ಆ ರಾತ್ರಿ ನೋಡಿದವರಿಗೆ ಲೆಕ್ಕ ಬೇಡ" ಎಂದರು ಕಣ್ಣಿನವರು. ಆದರೂ 15 ವರ್ಷದಲ್ಲಿ ಅವನಿಗೆ 75 ಬೀಳಲಿಲ್ಲ. ಕೊನೆಗೆ 2017ರ ಡಿಸೆಂಬರಿನಲ್ಲಿ ಬೇರೊಂದು ಸಮಿತಿ ಅವನನ್ನು ಆರಿಸಿತು. ಈಗ ಒಂದೇ ಮಂದಿರದಲ್ಲಿ ಇಬ್ಬರ ಫಲಕಗಳೂ ಇವೆ. ಒಬ್ಬನನ್ನು ಲೆಕ್ಕ ಒಳಗೆ ತಂದಿತು, ಇನ್ನೊಬ್ಬನನ್ನು ಕಣ್ಣು.

ಈ ಕಥೆ ಕೇಳಿದ ಮರುದಿನ ನಾವೇ ಏಣಿ ಹಾಕಿ ಪೆಟ್ಟಿಗೆ ಇಳಿಸಿದೆವು. ಮನೆಯಾಕೆ ರದ್ದಿಗೆಂದು ತಿಳಿದು ಸಂತೋಷಪಟ್ಟಳು. 1976ರ ಪುಸ್ತಕ ತೆಗೆದು ನಾಲ್ಕು ದಿನ ಕೂತೆವು. ಪ್ರತಿ ಪಂದ್ಯದಲ್ಲಿ ತಂಡ ಎಷ್ಟು ಹೊಡೆಯಿತು, ಅದರಲ್ಲಿ ಆ ಹುಡುಗನ ಪಾಲೆಷ್ಟು, ಈ ಹುಡುಗನ ಪಾಲೆಷ್ಟು ಎಂದು ಹೊಸದಾಗಿ ಲೆಕ್ಕ ಹಾಕಿದೆವು. ತಂಡ 260 ಹೊಡೆದ ದಿನದ 60 ರನ್ನಿಗೆ ಒಂದು ಬೆಲೆ. 71 ಹೊಡೆದ ದಿನದ 34ಕ್ಕೆ ಇನ್ನೊಂದು ಬೆಲೆ. ಕೂಡಿ ನೋಡಿದಾಗ ಧಾರವಾಡದವನು ಆಕಾಶಕ್ಕೇನೂ ಏರಲಿಲ್ಲ. ಇಬ್ಬರೂ ಹೆಚ್ಚು ಕಡಿಮೆ ಸಮ. ಅವನು ಕೂದಲೆಳೆಯಷ್ಟು ಮುಂದೆ.

ಭಾವನವರ ಕಣ್ಣಿನ ಮೇಲೂ ನಮಗೆ ಒಂದು ದೂರಿತ್ತು. ಅವರು ಇಷ್ಟು ವರ್ಷ ಆ ದಿನ ಹುಡುಗ "ಐವತ್ತು ಹೊಡೆದ" ಎಂದೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಪುಸ್ತಕದಲ್ಲಿ 34 ಮಾತ್ರ. ಕಣ್ಣು ಪ್ರೀತಿಸಿದ್ದನ್ನು ಬೆಳೆಸುತ್ತದೆ. ಲೆಕ್ಕಕ್ಕೆ ಪ್ರೀತಿಯಿಲ್ಲ, ಆದರೆ ಕೇಳಿದಷ್ಟಕ್ಕೆ ಮಾತ್ರ ಅದರ ಉತ್ತರ. 44 ಮತ್ತು 23 ಎಂಬುದು ಸುಳ್ಳಾಗಿರಲಿಲ್ಲ, ಪ್ರಶ್ನೆ ಅರ್ಧವಾಗಿತ್ತು. ಉಳಿದರ್ಧವನ್ನು ಬಲ್ಲವರು ಆ ಕೋಣೆಯಲ್ಲಿ ನಾವೊಬ್ಬರೇ. ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ನಮ್ಮ ಮಕ್ಕಳ ಅಂಕಪಟ್ಟಿ ನೋಡಿ ಹಣೆ ಚಚ್ಚಿಕೊಳ್ಳುವಾಗಲೂ, ಪಕ್ಕದ ಮನೆಯ ಮಗುವಿನ ಅಂಕ ಕೇಳಿ ಹಲುಬುವಾಗಲೂ ನಾವು ಮಾಡುವುದು ಇದನ್ನೇ ಅಲ್ಲವೇ?

2018ರಲ್ಲಿ ಮದುವೆಯೊಂದಕ್ಕೆ ಹುಬ್ಬಳ್ಳಿಗೆ ಹೋದವರು ಧಾರವಾಡಕ್ಕೂ ಹೋದೆವು. ಆ ಹುಡುಗನನ್ನು ಹುಡುಕಿದೆವು. ಹುಡುಗನೆಂದರೆ, ತಲೆ ಬೋಳಾದ ನಿವೃತ್ತ ಮಾಸ್ತರು. "ಬರ್ರಿ ಸರ, ಬರ್ರಿ" ಎಂದು ಕೈಹಿಡಿದು ಒಳಗೆ ಕರೆದೊಯ್ದರು. ನಾವು ಕುಳಿತವರು ಹೊಸ ಲೆಕ್ಕದ ಹಾಳೆಯನ್ನು ಕೈಗೆ ಕೊಟ್ಟು, ಸಮಿತಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆವು. ಅವರು ಹಾಳೆಯನ್ನು ನಿಧಾನವಾಗಿ ಓದಿದರು. ನಕ್ಕರು.

"ಅದೇನ ದೊಡ್ಡ ಮಾತು ಬಿಡ್ರಿ ಸರ. ಈಗ ನಾ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ದಿನ ನಂದು ನಾಕು ರನ್ ಆಗಿತ್ತು ನೋಡ್ರಿ, ಆವಾಗ ಬಾಲ್ ಬ್ಯಾಟಿಗೆ ತಾಗಿ ಕೀಪರ್ ಕೈಗೆ ಹೋತು. ಡೇರೆ ಬಡಿಯೋ ಸಪ್ಪಳದಾಗ ಅಂಪೈರಗ ಕೇಳಿಸಲಿಲ್ಲ. ನಾ ಸುಮ್ಮ ನಿಂತೆ. ಖರೇ ಹೇಳಬೇಕಂದ್ರ, ನಾ ಔಟ್ ಇದ್ದೆ. ನೌಕರಿ ಹೋದಾಗ ಅನಿಸ್ತು, ಲೆಕ್ಕ ಚುಕ್ತಾ ಆತು ಅಂತ."

ನಮಗೆ ಆಗ 1980ರ ಫೆಬ್ರವರಿ ನೆನಪಾಯಿತು. ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಾತ್ರಿಯಿತ್ತು. ಹೋಗುತ್ತಿದ್ದವನನ್ನು ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಸ್ಕೋರು ಪುಸ್ತಕದಲ್ಲಿ ಈ ಸೋಲು ಮಾತ್ರ ಇದೆ. ವಾಪಸು ಕರೆದದ್ದಕ್ಕೆ ಅಲ್ಲಿ ಯಾವ ಗುರುತೂ ಇಲ್ಲ. ಎಷ್ಟು ಜನ ಪಂಡಿತರು ಎಷ್ಟು ಪ್ರಶ್ನೆ ಕೂಡಿಸಿದರೂ ಕೆಲವು ಸಂಗತಿಗಳನ್ನು ಮನುಷ್ಯ ತಾನೇ ಬಾಯಿಬಿಟ್ಟು ಹೇಳಬೇಕು. ಮಾಸ್ತರರು ಕೇಳದೆಯೇ ಹೇಳಿದರು. ಅವರ ಲೆಕ್ಕ ಚುಕ್ತಾ ಆಗಿರಬಹುದು. ಕೇಳಿದರೂ ಹೇಳದ ನಮ್ಮದು ಆಗಿಲ್ಲ.

ಮುಂಬಯಿಗೆ ಬಂದು ಭಾವನವರಿಗೆ ಫೋನು ಮಾಡಿದೆವು. ವಯಸ್ಸಾಗಿದೆ, ಕಿವಿ ಮಂದ. ಎರಡೆರಡು ಸಲ ಹೇಳಬೇಕಾಯಿತು. "ಔಟಾಗಿದ್ದನಂತೆ ಭಾವ! ನಾಲ್ಕು ರನ್ ಆಗಿದ್ದಾಗಲೇ!" ಆ ಕಡೆ ಬಹಳ ಹೊತ್ತು ಮಾತಿಲ್ಲ. ಬೇಸರವಾಯಿತೇನೋ ಎಂದುಕೊಂಡೆವು. ಆಮೇಲೆ ಭಾವನವರು ತಮ್ಮ ಜನ್ಮದಲ್ಲಿ ಎಂದೂ ಕೇಳದ ಪ್ರಶ್ನೆಯನ್ನು ಕೇಳಿದರು:

"ನಿನ್ನ ಪುಸ್ತಕ ತೆಗೆದು ನೋಡಯ್ಯಾ. ಆ ಲೇಟ್ ಕಟ್ ಹೊಡೆದದ್ದು ಅದಕ್ಕೆ ಮುಂಚೆಯೋ, ಆಮೇಲೋ?"

ಪುಸ್ತಕ ಮೇಜಿನ ಮೇಲೇ ಇತ್ತು. ಮಳೆಹನಿ ಬಿದ್ದು ಶಾಯಿ ಕದಡಿದ ಪುಟ. ಆ ಸಾಲಿನಲ್ಲಿ ಒಂದು, ಎರಡು, ಒಂದು, ಒಂದು ಎಂದು ಸಣ್ಣ ಅಂಕಿಗಳು. ಇಡೀ ಇನಿಂಗ್ಸಿನಲ್ಲಿ ಬೌಂಡರಿ ಒಂದೇ ಒಂದು, ಅದು ಸಾಲಿನ ಮೊಟ್ಟಮೊದಲನೆಯದು. ಅದು ಕಟ್ ಎಂದು ಪುಸ್ತಕಕ್ಕೆ ಗೊತ್ತಿಲ್ಲ, ಭಾವನವರಿಗೆ ಗೊತ್ತು. ಅದು ಮೊದಲನೆಯದೆಂದು ಭಾವನವರಿಗೆ ನೆನಪಿಲ್ಲ, ಪುಸ್ತಕಕ್ಕೆ ಗೊತ್ತು.

"ಮುಂಚೆಯೇ ಭಾವ" ಎಂದೆವು. "ಅವನು ಹೊಡೆದ ಮೊದಲ ಹೊಡೆತವೇ ಅದು."

"ಹಾಗಾದರೆ ಸರಿ" ಎಂದು ಭಾವನವರು ಫೋನಿಟ್ಟರು.

ಪೆಟ್ಟಿಗೆ ಮತ್ತೆ ಅಟ್ಟ ಹತ್ತಿತು. ಈ ವರ್ಷವೂ ಗೌರಿ ಹಬ್ಬಕ್ಕೆ ಅದು ಕೆಳಗಿಳಿಯುತ್ತದೆ, ಮನೆಯಾಕೆ ಕೇಳುತ್ತಾಳೆ. ನಾವು ಕೊಡುವ ಉತ್ತರ ಓದುಗರಿಗೆ ಗೊತ್ತೇ ಇದೆ.